ಹಲಗೆಯ ಬಲಗಡೆಯವರು

ಕಂಡಷ್ಟಪ್ಪ ಹುಟ್ಟಿದಾಗ ಅಳಲೇ ಇಲ್ಲವಂತೆ. ಕಣ್ಣು ಬಿಟ್ಟವನೇ ಸೂಲಗಿತ್ತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದನಂತೆ. ಆಮೇಲೆ ಗೋಡೆಯ ಕಡೆ ತಿರುಗಿ ಅದನ್ನೂ ಅಷ್ಟೇ ಹೊತ್ತು ನೋಡಿ, ಎರಡಕ್ಕೂ ಇರುವ ವ್ಯತ್ಯಾಸವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡು ನಿದ್ದೆಹೋದನಂತೆ. ಇದನ್ನು ಕಣ್ಣಾರೆ ಕಂಡವರು ಯಾರೂ ಈಗ ಉಳಿದಿಲ್ಲ. ಹಾಗಾಗಿ ಅವನ ಬೀದಿಯಲ್ಲಿ ಇದರ ಬಗ್ಗೆ ಯಾರಿಗೂ ಎಳ್ಳಷ್ಟೂ ಅನುಮಾನವಿಲ್ಲ.

ಎದುರುಮನೆಯ ಅಡುಗೆಮನೆಗೆ ಬೆಂಕಿ ಬಿದ್ದ ದಿನದ ಕಥೆಯನ್ನು ಅಲ್ಲಿನ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ. ಅಗ್ನಿಶಾಮಕದವರಿಗೆ ಫೋನ್ ಮಾಡಿದವನು ಇವನೇ.

"ಕಿಟಕಿಯಿಂದ ಕಪ್ಪು ಹೊಗೆ ಬರ್ತಿದೆ. ಒಳಗೆ ಕಿತ್ತಳೆ ಬಣ್ಣದ್ದು ಏನೋ ಅಲ್ಲಾಡ್ತಿದೆ. ಮನೆಯಾಕೆ ಬಕೆಟ್ ಹಿಡ್ಕೊಂಡು ಓಡ್ತಿದ್ದಾರೆ."

"ಬೆಂಕೀನಾ ಸಾರ್?"

"ಹಾಗಂತ ನಾನು ಹೇಳೋಕಾಗಲ್ಲ. ನೀವು ಬಂದು ನೋಡಿ."

ದರ್ಜಿಯ ನಾಯಿ ಕಚ್ಚಿದಾಗಲೂ ಹಾಗೆಯೇ. ಜನ ಸುತ್ತ ಸೇರಿ, ಏನಾಯಿತು, ಹೇಗಾಯಿತು, ನಾಯಿಗೇನು ಹುಚ್ಚಾ ಎಂದು ಕೇಳಿದರೆ, ಕಂಡಷ್ಟಪ್ಪ ಪ್ಯಾಂಟು ಮಡಚಿ ಗಾಯ ನೋಡಿಕೊಂಡು, "ನಾಯಿ ಬಾಯಿ ಮುಚ್ಚಿತು. ಒಳಗೆ ನನ್ನ ಕಾಲಿತ್ತು" ಎಂದನಂತೆ.

ಅವನ ಬಾಯಿಂದ 'ಅವನಿಗೆ ಸಿಟ್ಟು ಬಂದಿದೆ', 'ಅವಳಿಗೆ ಖುಷಿಯಾಗಿದೆ', 'ಪಾಪ, ಬೇಜಾರಲ್ಲಿದ್ದಾರೆ' ಎಂಬ ಮಾತು ಹೊರಬಿದ್ದದ್ದನ್ನು ಕೇಳಿದ ಕಿವಿ ಈ ಭೂಮಂಡಲದಲ್ಲಿಲ್ಲ. ಸಿಟ್ಟು ಬಂದವರ ಹುಬ್ಬು ಗಂಟಾಗಿದೆ ಎನ್ನುತ್ತಾನೆ. ಖುಷಿಯಾದವರ ಹಲ್ಲು ಕಾಣುತ್ತಿವೆ ಎನ್ನುತ್ತಾನೆ. ಅಳುವವರ ಮುಖ ಒದ್ದೆಯಾಗಿದೆ ಎನ್ನುತ್ತಾನೆ. ಅದರಾಚೆಗೆ ಒಂದು ಕೂದಲೆಳೆಯಷ್ಟೂ ಹೋಗುವವನಲ್ಲ. ಯಾವುದೋ ಗುರು ಕೊಟ್ಟ ವ್ರತ ಅದು ಎಂದು ಕೆಲವರು, ಹರೆಯದಲ್ಲಿ ಯಾರದೋ ನಗುವನ್ನು ತಪ್ಪಾಗಿ ತಿಳಿದು ಪೆಟ್ಟು ತಿಂದಿದ್ದಾನೆ ಎಂದು ಇನ್ನು ಕೆಲವರು ಹೇಳುತ್ತಾರೆ. ನಿಜ ಇಷ್ಟೇ: ಅದು ಅವನ ಕೆಲಸ. ಅವನು ಆಡು ನೋಡುತ್ತಾನೆ.

ಬಸ್ಸು ಕೊನೆಗೆ ತಿರುಗಿ ನಿಲ್ಲುವ ಜಾಗದಲ್ಲಿ, ಟೈರ್ ಗೋಡೌನಿನ ಹಿಂದೆ, ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡುವ ಕೇಂದ್ರವಿದೆ. ಬೋರ್ಡು ಕಣ್ಣಿಗೆ ಬೀಳುವ ಮೊದಲೇ ವಾಸನೆ ಮೂಗಿಗೆ ಬೀಳುತ್ತದೆ, ಆದ್ದರಿಂದ ದಾರಿ ಕೇಳಿಕೊಂಡು ಬರುವವರಿಲ್ಲ. ಕಂಡಷ್ಟಪ್ಪ ಅಲ್ಲಿಗೆ ಸೇರಿದ ದಿನ ಆಗಿನ ದೊಡ್ಡ ಮೇಷ್ಟ್ರು ಅವನನ್ನು ದೊಡ್ಡಿಯ ಮುಂದೆ ನಿಲ್ಲಿಸಿ, ಮೂಲೆಯಲ್ಲಿ ಮಲಗಿದ್ದ ಒಂದು ಆಡನ್ನು ತೋರಿಸಿದ್ದರು.

"ಅದು ಏನು ಮಾಡ್ತಿದೆ?"

"ಯೋಚನೆ ಮಾಡ್ತಿದೆ ಸಾರ್."

"ಯೋಚನೆ ಯಾವ ಬಣ್ಣದ್ದಿದೆ?"

ಕಂಡಷ್ಟಪ್ಪ ಬಗ್ಗಿ ಆಡಿನ ತಲೆಯನ್ನೇ ನೋಡಿದ್ದ.

"ಬಾಯಿ ಎಡಕ್ಕೂ ಬಲಕ್ಕೂ ಆಡ್ತಿದೆ. ಕಣ್ಣು ಅರ್ಧ ಮುಚ್ಚಿದೆ. ಅಷ್ಟೇ ಬರಿ" ಎಂದಿದ್ದರು ಮೇಷ್ಟ್ರು. "ಕೋಪ, ಪ್ರೀತಿ, ದುಃಖ ಎಲ್ಲಾ ಚಪ್ಪಲಿ ಇದ್ದ ಹಾಗೆ ಕಣಯ್ಯಾ. ಗೇಟಿನ ಹೊರಗೆ ಬಿಟ್ಟು ಬರ್ಬೇಕು. ಒಳಗೆ ಕಿವಿ, ಬಾಲ, ಕೊಂಬು ಮಾತ್ರ. ಕಂಡಷ್ಟೇ!"

ಹಾಗೆ ಹುಟ್ಟಿದ ಹೆಸರು ಅದು. ಕೇಂದ್ರದ ಉಳಿದ ನೋಟಗಾರರು ಸಂಜೆ ಗೇಟು ದಾಟುವಾಗ ಆ ಚಪ್ಪಲಿಗಳನ್ನು ಮತ್ತೆ ಮೆಟ್ಟಿಕೊಂಡು ಮನೆಗೆ ಹೋಗುತ್ತಿದ್ದರು, ಹೆಂಡತಿ ಮಕ್ಕಳ ಜೊತೆ ಜಗಳವಾಡುತ್ತಿದ್ದರು, ರಾಜಿಯಾಗುತ್ತಿದ್ದರು. ಕಂಡಷ್ಟಪ್ಪ ಮಾತ್ರ ಬರಿಗಾಲಲ್ಲೇ ಮನೆಗೆ ಹೋದ. ಅಕ್ಕ ಪರಿಚಯ ಮಾಡಿಸಿದ ಹೆಣ್ಣುಗಳೆಲ್ಲ ಒಂದೇ ಸಂಜೆಯಲ್ಲಿ ಕಾಲ್ಕಿತ್ತರು. ಒಬ್ಬಾಕೆ "ನಾನು ಹೇಗೆ ಕಾಣ್ತೀನಿ?" ಎಂದು ಕೇಳಿದ್ದಕ್ಕೆ ಇವನು ನಿಜವಾಗಿಯೂ ಹೇಳತೊಡಗಿದ್ದ, ಕಿವಿಯಿಂದ ಶುರು ಮಾಡಿ. ಕತ್ತಿನವರೆಗೆ ಬರುವಷ್ಟರಲ್ಲಿ ಆಕೆ ಬಸ್ ನಿಲ್ದಾಣದಲ್ಲಿದ್ದಳು. ಹೀಗೆ ನಮ್ಮ ನಾಯಕ ಕೂದಲು ನರೆಯುವ ವಯಸ್ಸಿಗೆ ಅಕ್ಕ ಭಾವಂದಿರ ಮನೆಯ ಮಹಡಿಯ ಕೋಣೆಯಲ್ಲಿ, ಒಂದು ಮಂಚ, ಒಂದು ಮೇಜು, ಒಂದು ದುರ್ಬೀನಿನ ಜೊತೆ ಸುಖವಾಗಿದ್ದ. ಸುಖವಾಗಿದ್ದ ಎನ್ನುವುದು ನಮ್ಮ ಮಾತು. ಅವನನ್ನು ಕೇಳಿದರೆ "ಮಂಚದ ಮೇಲೆ ಮಲಗ್ತೀನಿ" ಎನ್ನುತ್ತಿದ್ದ.

ಆಡುಗಳಲ್ಲಿ ಸ್ನೇಹವಿದೆಯೇ ಎಂಬುದು ಕೇಂದ್ರ ಹಲವು ವರ್ಷಗಳಿಂದ ಬೆನ್ನು ಹತ್ತಿರುವ ಪ್ರಶ್ನೆ. ಸ್ನೇಹ ಎಂಬ ಮಾತನ್ನು ಗೇಟಿನೊಳಗೆ ಆಡುವಂತಿಲ್ಲವಾದ್ದರಿಂದ ಅದಕ್ಕೊಂದು ಅಳತೆ ಮಾಡಿಕೊಂಡಿದ್ದರು. ಎರಡು ಆಡುಗಳು ಒಂದು ಆಡಿನ ಮೈಯುದ್ದದಷ್ಟು ದೂರದೊಳಗೆ ಮಲಗಬೇಕು. ಒಂದು ಇನ್ನೊಂದನ್ನು ಗುಮ್ಮಿ ಎಬ್ಬಿಸಬಾರದು. ಜಾಗ ಬೇಕಾದಷ್ಟು ಖಾಲಿಯಿದ್ದರೂ ಮತ್ತೆ ಮತ್ತೆ ಅಲ್ಲಿಗೇ ಬಂದು ಮಲಗಬೇಕು. ದೊಡ್ಡಿಯ ಪಕ್ಕದಲ್ಲಿ, ನೆಲದಿಂದ ಸ್ವಲ್ಪ ಎತ್ತರದಲ್ಲಿ, ಅಗಲವಾದ ಗಾಜಿನ ಕಿಟಕಿಯ ಒಂದು ಕೋಣೆ. ಕಿವಿಗೆ ಸಿಕ್ಕಿಸಿಕೊಂಡ ಪುಟ್ಟ ಯಂತ್ರ ಆಗಾಗ ಬೀಪ್ ಎನ್ನುತ್ತದೆ. ಬೀಪ್ ಎಂದಾಗ ಯಾವ ಆಡು ಯಾವುದರ ಪಕ್ಕದಲ್ಲಿದೆ ಎಂದು ಬರೆಯಬೇಕು. ಮುಂದಿನ ಬೀಪಿನವರೆಗೆ ಬಾಯಿ ಮುಚ್ಚಿಕೊಂಡು ಕೂರಬೇಕು.

ಒಬ್ಬನ ಕಣ್ಣನ್ನು ನಂಬುವಂತಿಲ್ಲ. ಆದ್ದರಿಂದ ಇಬ್ಬರು ನೋಟಗಾರರು, ಅವರ ನಡುವೆ ಒಂದು ಪ್ಲೈವುಡ್ ಹಲಗೆ. ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣಬಾರದು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬಾರದು. ತಿಂಗಳ ಕೊನೆಗೆ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಎರಡೂ ಹೊಂದಿದರೆ ಅದು ವಿಜ್ಞಾನ. ಹೊಂದದಿದ್ದರೆ ಕಸದ ಬುಟ್ಟಿ.

ಹಲಗೆಯ ಬಲಗಡೆ ಕಂಡಷ್ಟಪ್ಪ. ಎಡಗಡೆ ಒಬ್ಬ ಹೆಂಗಸು. ಅವರನ್ನು ಇವನು 'ಎಡಗಡೆಯವರು' ಎನ್ನುತ್ತಿದ್ದ. ಅವರು ಇವನನ್ನು 'ಬಲಗಡೆಯವರು' ಎನ್ನುತ್ತಿದ್ದರು. ಇವನ ವಯಸ್ಸೇ, ಮದುವೆಯಾಗಿರಲಿಲ್ಲ, ಚಿಕ್ಕಮ್ಮನ ಜೊತೆ ವಾಸ. ಕಂಡಷ್ಟೇ ಹೇಳುವ ವಿಷಯದಲ್ಲಿ ಇವನಿಗಿಂತ ಕಟ್ಟುನಿಟ್ಟು. ಒಮ್ಮೆ ಚಹಾದ ಹೊತ್ತಿನಲ್ಲಿ ಇವನು ಬಾಯಿ ತಪ್ಪಿ "ಹಳದಿ ಕೊರಳಪಟ್ಟಿಯ ಆಡಿಗೆ ಇವತ್ತು ಹಸಿವಿಲ್ಲ" ಎಂದುಬಿಟ್ಟಿದ್ದ. ಅವರು ಲೋಟ ಕೆಳಗಿಟ್ಟು, "ಹುಲ್ಲಿನ ಕಡೆ ಹೋಗಲಿಲ್ಲ" ಎಂದು ತಿದ್ದಿದ್ದರು. ಕಂಡಷ್ಟಪ್ಪನನ್ನು ತಿದ್ದಬಲ್ಲ ಮನುಷ್ಯರು ಲೋಕದಲ್ಲಿದ್ದಾರೆ ಎಂದು ಅವನಿಗೆ ಗೊತ್ತಾದದ್ದು ಆಗಲೇ. ಆ ರಾತ್ರಿ ಅವನಿಗೆ ಬೇಗ ನಿದ್ದೆ ಬರಲಿಲ್ಲ. ಚಹಾ ಹೆಚ್ಚಾಯಿತೇನೋ ಎಂದುಕೊಂಡ.

ಹಲಗೆ ನೆಲದವರೆಗೆ ಇರಲಿಲ್ಲ. ಕೆಳಗೆ ನಾಲ್ಕು ಬೆರಳು ಸಂದು. ಅದರಲ್ಲಿ ಎಡಗಡೆಯವರ ಕಂದು ಬೂಟುಗಳು ಕಾಣುತ್ತಿದ್ದವು. ಒಂದು ಮಳೆಗಾಲ ಕಂಡಷ್ಟಪ್ಪ ಬಿಡದೆ ಕೆಮ್ಮುತ್ತಿದ್ದಾಗ ಆ ಸಂದಿಯಿಂದ ಒಂದು ಪೆಪ್ಪರ್‌ಮಿಂಟು ಜಾರಿ ಬಂತು. ಕೆಮ್ಮು ಹೋಯಿತು, ಪೆಪ್ಪರ್‌ಮಿಂಟು ನಿಲ್ಲಲಿಲ್ಲ. ದಿನಾ ಬಂತು. ಇವನು ಪ್ರತಿಯಾಗಿ ಚೂಪು ಮಾಡಿದ ಪೆನ್ಸಿಲ್ ಜಾರಿಸತೊಡಗಿದ. ಹೀಗೆ ವರ್ಷಗಳು ಉರುಳಿದವು. ಕೇಂದ್ರದ ಕಾವಲುಗಾರನಿಂದ ಹಿಡಿದು ಹುಲ್ಲು ತರುವ ಲಾರಿಯವನವರೆಗೆ ಎಲ್ಲರಿಗೂ ವಿಷಯ ಸ್ಪಷ್ಟವಾಗಿತ್ತು. ತಿಂಗಳ ಹಾಳೆಗಳನ್ನು ನೋಡಿದಾಗೊಮ್ಮೆ ಮೇಡಂ, ಅಂದರೆ ದೊಡ್ಡ ಮೇಷ್ಟ್ರ ನಂತರ ಬಂದ ಮುಖ್ಯಸ್ಥೆ, "ಇಷ್ಟು ಹೊಂದಿಕೊಂಡ ಜೋಡಿ ಇನ್ನೊಂದು ನಮ್ಮಲ್ಲಿಲ್ಲ" ಎಂದು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಕಂಡಷ್ಟಪ್ಪ ಕಂಡದ್ದು ಇಷ್ಟು: ಮೇಡಂ ಕನ್ನಡಕ ಕೆಳಗಿಳಿಸಿದರು.

ಆಡುಗಳ ಕಿವಿ ಅಲುಗಿದ್ದಕ್ಕೂ ಲೆಕ್ಕವಿಟ್ಟ ಈ ಇಬ್ಬರು ಮಹಾಪಂಡಿತರು ತಮ್ಮಿಬ್ಬರ ನಡುವೆ ಓಡಾಡುತ್ತಿದ್ದ ಪೆಪ್ಪರ್‌ಮಿಂಟಿಗೆ ಯಾವ ಅರ್ಥವನ್ನೂ ಹಚ್ಚಲಿಲ್ಲ. ಹಚ್ಚುವುದು ತಪ್ಪು ಎಂದು ಕಲಿತಿದ್ದರು. ವಸ್ತು ಈ ಕಡೆಯಿಂದ ಆ ಕಡೆಗೆ ಹೋಯಿತು, ಅಷ್ಟೇ.

ಇದು ಹೀಗೇ ಇಬ್ಬರೂ ನಿವೃತ್ತರಾಗುವವರೆಗೆ ನಡೆಯುತ್ತಿತ್ತೋ ಏನೋ. ಒಂದು ಸೋಮವಾರ ಚಹಾದ ಕೋಣೆಯಲ್ಲಿ ಎಡಗಡೆಯವರು ಕಿಟಕಿಯ ಕಡೆ ನೋಡುತ್ತ, "ಕಡಲ ಹಕ್ಕಿಗಳ ಕೇಂದ್ರದಿಂದ ಕೆಲಸಕ್ಕೆ ಕರೆ ಬಂದಿದೆ. ಶನಿವಾರದೊಳಗೆ ಉತ್ತರ ಹೇಳ್ಬೇಕು" ಎಂದರು.

"ಹೋಗ್ತೀರಾ?"

"ಹಕ್ಕಿಗಳು ಚೆನ್ನಾಗಿವೆಯಂತೆ" ಎಂದರು. ಇವನು "ಹೂಂ" ಎಂದ. ಅವರು ಲೋಟ ತೊಳೆದಿಟ್ಟು ಹೋದರು. ಕಂಡಷ್ಟಪ್ಪ ತನ್ನ ಲೋಟ ಕೈಯಲ್ಲಿ ಹಿಡಿದುಕೊಂಡೇ ದೊಡ್ಡಿಯ ಕಡೆ ಹೋಗಿ, ಅಲ್ಲಿ ನಿಂತು, ಅದರಲ್ಲಿ ಚಹಾ ಇಲ್ಲವೆಂದು ತಿಳಿಯದೆ ಕುಡಿದ.

ಆ ಸಂಜೆ ಊಟಕ್ಕೆ ಕೂತಾಗ ಅಕ್ಕ ತಟ್ಟೆ ಮುಂದಿಟ್ಟು ಅವನ ಮುಖ ನೋಡಿದಳು.

"ಏನಾಯ್ತೋ ನಿಂಗೆ?"

"ಎದೆ ಜೋರಾಗಿ ಹೊಡ್ಕೋತಿದೆ. ಅನ್ನ ಬಾಯಿಗೆ ಹೋಗ್ತಿಲ್ಲ. ಎಡಗಡೆಯವರು ಶನಿವಾರ ಉತ್ತರ ಕೊಟ್ಟು ಬೇರೆ ಕಡೆ ಹೋಗ್ತಾರೆ."

ಅಕ್ಕ ಮತ್ತು ಭಾವ ಮುಖ ಮುಖ ನೋಡಿಕೊಂಡರು. ಭಾವ ಬಸ್ಸಿನ ನಿವೃತ್ತ ಕಂಡಕ್ಟರು. ಮುಖ ನೋಡಿದರೆ ಸಾಕು, ಯಾರು ಟಿಕೆಟ್ ತಗೊಂಡಿಲ್ಲ, ಯಾರು ಮುಂದಿನ ಸ್ಟಾಪಿಗೆ ಇಳಿದು ಓಡುತ್ತಾರೆ ಎಂದು ಹೇಳಬಲ್ಲೆ ಎಂಬುದು ಅವರ ಜೀವಮಾನದ ಹೆಮ್ಮೆ.

"ಅಲ್ಲಯ್ಯಾ, ಅದಕ್ಕೆ ಪ್ರೀತಿ ಅಂತಾರೆ" ಎಂದರು ಭಾವ.

"ಇರಬಹುದು. ಇಲ್ಲದೆಯೂ ಇರಬಹುದು. ನನ್ನನ್ನ ನಾನೇ ನೋಡ್ಕೋಳೋಕಾಗಲ್ಲ. ನೋಟಗಾರ ತನ್ನದನ್ನೇ ತಾನು ಬರೆದ್ರೆ ಅದು ಲೆಕ್ಕಕ್ಕಿಲ್ಲ. ಅವರ ಕಡೆ ಏನಿದೆ ಅನ್ನೋದಂತೂ ನನಗೆ ಕಾಣೋದೇ ಇಲ್ಲ. ನಡುವೆ ಹಲಗೆ ಇದೆ."

"ಅಯ್ಯೋ ದೇವರೇ, ಕೇಳೋ ಅವಳನ್ನ!" ಎಂದಳು ಅಕ್ಕ.

"ಕೇಳಿದ್ರೆ ನಡವಳಿಕೆ ಬದಲಾಗುತ್ತೆ. ನೋಡ್ತಿದ್ದೀವಿ ಅಂತ ಗೊತ್ತಾಗಬಾರ್ದು." ಕಂಡಷ್ಟಪ್ಪ ತಟ್ಟೆ ಪಕ್ಕಕ್ಕೆ ಸರಿಸಿ, ಭಾವನ ಕಡೆ ತಿರುಗಿದ. "ನೀವು ಬಂದು ನೋಡ್ತೀರಾ?"

ಭಾವನಿಗೆ ಇಡೀ ಜೀವನದಲ್ಲಿ ಇಂಥ ಗೌರವ ಸಿಕ್ಕಿರಲಿಲ್ಲ. ಬಾಯಲ್ಲಿದ್ದ ತುತ್ತನ್ನು ನುಂಗಿ, ಎದೆ ಸೆಟೆದು, "ಯಾವತ್ತು?" ಎಂದರು.

ಶುಕ್ರವಾರ ಮಧ್ಯಾಹ್ನ ಹೊರಗಿನವರು ಬಂದು ಆಡು ನೋಡಬಹುದು. ಅವರಿಗಾಗಿ ದೊಡ್ಡಿಯ ಆಚೆಬದಿಗೆ, ಬೇಲಿಯ ಹೊರಗೆ, ಒಂದು ಬೆಂಚಿದೆ. ಅಲ್ಲಿ ಕೂತರೆ ಎದುರಿಗೆ ನೋಟಗಾರರ ಗಾಜಿನ ಕೋಣೆ, ನಡುವೆ ಹಲಗೆ, ಅತ್ತ ಒಬ್ಬರು, ಇತ್ತ ಒಬ್ಬರು, ಒಂದೇ ಚೌಕಟ್ಟಿಗೆ ಹಾಕಿದ ಎರಡು ಫೋಟೋಗಳ ಹಾಗೆ ಕಾಣುತ್ತಾರೆ. ಕಂಡಷ್ಟಪ್ಪ ಗುರುವಾರ ಸಂಜೆಯೆಲ್ಲ ಭಾವನಿಗೆ ತರಬೇತಿ ಕೊಟ್ಟ. ಎಡಗಡೆಯವರನ್ನು ಮಾತ್ರ ನೋಡಬೇಕು. ತಲೆ ಹಲಗೆಯ ಕಡೆ ಎಷ್ಟು ಸಲ ತಿರುಗಿತು, ಎಷ್ಟು ಹೊತ್ತು ಹಾಗೇ ನಿಂತಿತು ಎನ್ನುವುದನ್ನು ಗಮನಿಸಬೇಕು. ಮುಖ ಓದಬಾರದು. ಯಾರ ಜೊತೆಯೂ ಮಾತಾಡಬಾರದು. ತಿನ್ನುವ ಪದಾರ್ಥ ತರಬಾರದು.

"ತಿನ್ನೋದು ಯಾಕೆ ಬೇಡ?"

"ಆಡುಗಳು ನಿಮ್ಮ ಕಡೆ ಬರ್ತವೆ."

"ಬಂದ್ರೆ ಬರಲಿ ಬಿಡು, ಸಾಧು ಪ್ರಾಣಿಗಳು."

"ಭಾವ!"

"ಆಯ್ತು ಮಾರಾಯ, ಆಯ್ತು" ಎಂದರು ಭಾವ. ಶುಕ್ರವಾರ ಅವರು ಇಸ್ತ್ರಿ ಮಾಡಿದ ಅಂಗಿ, ಕಪ್ಪು ಕನ್ನಡಕ, ಜೇಬು ತುಂಬ ಬಿಸ್ಕತ್ತಿನೊಂದಿಗೆ ಬಂದರು.

ವಿಜ್ಞಾನದ ಇತಿಹಾಸದಲ್ಲಿ ಆ ಮಧ್ಯಾಹ್ನಕ್ಕೆ ಸಾಟಿಯಾದ ದುರಂತ ಕಡಿಮೆ. ಭಾವ ಬೆಂಚಿನ ಮೇಲೆ ಕೂತು ಮೊದಲ ಪೊಟ್ಟಣ ಬಿಚ್ಚಿದ ಸದ್ದಿಗೆ, ಅದುವರೆಗೆ ಜೋಡಿ ಜೋಡಿಯಾಗಿ ಮಲಗಿ ಮೆಲುಕು ಹಾಕುತ್ತಿದ್ದ ಇಡೀ ಹಿಂಡು ಎದ್ದು ನಿಂತಿತು. ಆಮೇಲೆ ದೊಡ್ಡಿಯ ಈ ತುದಿಯಿಂದ ಆ ತುದಿಗೆ ದಂಡಯಾತ್ರೆ. ವರ್ಷಗಟ್ಟಲೆ ಒಂದನ್ನೊಂದು ಕಂಡರಾಗದ ಹಳದಿ ಪಟ್ಟಿ ಮತ್ತು ಬಿಳಿ ಪಟ್ಟಿಯ ಆಡುಗಳು ಮೈಗೆ ಮೈ ಒತ್ತಿ ಬೇಲಿಯ ಸಂದಿಗೆ ಮೂತಿ ತೂರಿಸಿದವು. ಬೀಪ್ ಎಂದಿತು. ಕಂಡಷ್ಟಪ್ಪ ಹಲ್ಲು ಕಚ್ಚಿಕೊಂಡು ಎಲ್ಲ ಆಡುಗಳೂ ಎಲ್ಲ ಆಡುಗಳ ಪಕ್ಕದಲ್ಲಿವೆ ಎಂದು ಬರೆದ.

ತಲೆಯೆತ್ತಿ ಮತ್ತೆ ಆಚೆಬದಿಗೆ ನೋಡಿದ. ಬೆಂಚಿನ ಮೇಲೆ ಭಾವನ ಪಕ್ಕದಲ್ಲಿ ಇನ್ನೊಬ್ಬರು ಬಂದು ಕೂತಿದ್ದರು: ಕೊಡೆ ಹಿಡಿದ, ಬೆಳ್ಳಿ ಕೂದಲಿನ, ದಪ್ಪ ಹೆಂಗಸು. ಭಾವ ಅವರಿಗೆ ಬಿಸ್ಕತ್ತು ಕೊಡುತ್ತಿದ್ದರು. ಅವರು ಬೇಡವೆಂದು ತಲೆಯಾಡಿಸಿ ಎರಡು ತಗೊಂಡರು. ಭಾವ ಏನೋ ಹೇಳಿದರು, ಅವರು ಕೊಡೆಯನ್ನು ತೊಡೆಗೆ ಹೊಡೆದುಕೊಂಡು ನಕ್ಕರು. ಆಮೇಲೆ ಇಬ್ಬರೂ ಒಟ್ಟಿಗೆ ಕೈಯೆತ್ತಿ ಗಾಜಿನ ಕೋಣೆಯ ಕಡೆ ಬೆರಳು ಮಾಡಿದರು.

ಅದೇ ಹೊತ್ತಿಗೆ ಹಲಗೆಯ ಆಚೆಯಿಂದ ಕುರ್ಚಿ ಕಿರ್ ಎಂದು ಹಿಂದೆ ಸರಿದ ಸದ್ದು. ಉಸಿರು ಒಳಗೆಳೆದುಕೊಂಡ ಸದ್ದು. ಕಂಡಷ್ಟಪ್ಪನಿಗೆ ಆ ಸದ್ದಿಗೆ ಯಾವ ಅರ್ಥ ಹಚ್ಚಬೇಕೆಂದು ತೋಚಲಿಲ್ಲ. ಅಭ್ಯಾಸವೂ ಇರಲಿಲ್ಲ.

ಸಂಜೆ ಅವನು ಮನೆಯ ಹೊಸ್ತಿಲು ದಾಟುವ ಮೊದಲೇ ಭಾವ ಕೂಗಿದರು: "ಗಟ್ಟಿ! ಮದುವೆ ಗಟ್ಟಿ!"

"ಏನು ಕಂಡ್ರಿ?"

"ಎಲ್ಲಾ ಕಂಡೆ."

"ಎಲ್ಲಾ ಅಂದ್ರೆ? ತಲೆ ಹಲಗೆ ಕಡೆ ಎಷ್ಟು ಸಲ ತಿರುಗಿತು?"

"ತಲೆ ಯಾರು ಮಾರಾಯ ನೋಡ್ತಾ ಕೂತಿದ್ರು? ಮುಖ ನೋಡಿದೆ! ನಿನ್ನ ಮೇಲೆ ಪ್ರಾಣ ಇಟ್ಕೊಂಡಿದ್ದಾಳೆ ಕಣಯ್ಯಾ."

"ಪ್ರಾಣ ಎಲ್ಲಿ ಇಟ್ಟಿದ್ರು? ಮುಖದಲ್ಲಿ ಏನಿತ್ತು? ಹುಬ್ಬು ಎಲ್ಲಿತ್ತು?"

"ಹುಬ್ಬು ಹಣೇಲಿತ್ತು! ನಿಮ್ಮಕ್ಕನ್ನ ಕರೀ ಇಲ್ಲಿ, ನಿನ್ನ ತಲೆಗೆ ನೀರು ಹಾಕಲಿ!"

ಅಕ್ಕ ಆಗಲೇ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ವಿಷಯ ಗೊತ್ತಾಗಿತ್ತು, ಸೆರಗಿನ ಮರೆಯಲ್ಲಿ ನಗುತ್ತಿದ್ದಳು. "ಆ ಕೊಡೆಯವರು ಯಾರು ಅಂತ ಹೇಳ್ರೀ ಅವನಿಗೆ" ಎಂದಳು.

"ಅವರಾ? ನಿನ್ನ ಎಡಗಡೆಯವರ ಚಿಕ್ಕಮ್ಮ!" ಭಾವ ತೊಡೆ ತಟ್ಟಿದರು. "ಪಕ್ಕದಲ್ಲಿ ಕೂತು ಗಾಜಿನ ಕಡೆಯೇ ನೋಡ್ತಿದ್ರು. ಆಡು ನೋಡೋಕೆ ಬಂದ್ರಾ ಅಂದೆ. ಇಲ್ಲಪ್ಪ, ಬಲಗಡೆ ಕೂತಿರೋ ಮನುಷ್ಯನನ್ನ ನೋಡ್ಕೊಂಡು ಬಾ, ಯಾರ ಹತ್ರನೂ ಮಾತಾಡ್ಬೇಡ ಅಂತ ಹೇಳಿ ಅಕ್ಕನ ಮಗಳು ಕಳಿಸಿದ್ದಾಳೆ ಅಂದ್ರು. ನಾನಂದೆ, ಅಮ್ಮಾ, ನನ್ನನ್ನ ಎಡಗಡೆಯವರನ್ನ ನೋಡೋಕೆ ಕಳಿಸಿದ್ದಾರೆ! ಆಮೇಲೇನು, ಬಿಸ್ಕತ್ತು ಮುಗಿಯೋದ್ರೊಳಗೆ ನಾವಿಬ್ರೂ ಬೀಗರಾಗಿಬಿಟ್ವಿ."

ಅಕ್ಕ ಭಾವ ಇಬ್ಬರೂ ಅವನ ಮುಖವರಳುವುದನ್ನು ಕಾದರು. ಕಂಡಷ್ಟಪ್ಪನ ಮುಖ ಬಾಡಿತು. ಅವನು ಮೆಟ್ಟಿಲ ಮೇಲೆ ಕುಕ್ಕರಿಸಿದ.

"ಮಾತಾಡ್ಬಿಟ್ರಲ್ಲ!"

"ಏನಾಯ್ತು ಈಗ?"

"ನೋಡೋಕೆ ಬಂದವರಿಬ್ರೂ ಮಾತಾಡ್ಕೊಂಡ್ರೆ ಎರಡೂ ಕೆಟ್ಟುಹೋದ ಹಾಗೆ. ನಿಮ್ಮದನ್ನ ಅವರು ಕೇಳಿದ್ರು, ಅವರದನ್ನ ನೀವು ಕೇಳಿದ್ರಿ. ಇನ್ನು ಯಾವುದೂ ಉಪಯೋಗಕ್ಕಿಲ್ಲ. ನಾಳೆ ಶನಿವಾರ. ಇನ್ನೊಂದು ಸಲ ನೋಡ್ಸೋಕೆ ಹೊತ್ತೇ ಇಲ್ಲ."

ಅವನ ದನಿ ನಡುಗಿತು. ಇದನ್ನು ಅಕ್ಕ ಮೊದಲ ಸಲ ಕೇಳಿದ್ದು. ನಗು ನಿಲ್ಲಿಸಿ ಅವನ ಪಕ್ಕದಲ್ಲಿ, ಮೆಟ್ಟಿಲ ಮೇಲೆಯೇ ಕೂತಳು.

"ಅವಳೂ ಕಳಿಸಿದ್ಲಲ್ಲೋ. ಅದು ಸಾಲ್ದಾ?"

"ಕಳಿಸಿದ್ರು ಅಂತ ಚಿಕ್ಕಮ್ಮ ಹೇಳಿದ್ದು. ಭಾವ ಕೇಳಿದ್ದು. ನಾನು ಕಂಡಿದ್ದಲ್ಲ."

"ಹಾಗಾದ್ರೆ ಒಂದು ಹೇಳು. ಆಡುಗಳನ್ನ ಯಾಕೆ ನೋಡ್ತೀರ ನೀವು?"

"ಯಾಕಂದ್ರೆ... ಅವನ್ನ ಕೇಳೋಕಾಗಲ್ಲ."

"ಎಡಗಡೆಯವಳಿಗೆ ಬಾಯಿದೆಯಾ ಇಲ್ವಾ?"

"ಇದೆ. ಕಂಡಿದ್ದೀನಿ" ಎಂದ.

"ಮತ್ತೆ ಕೇಳೋ, ಕತ್ತೆ!" ಎಂದು ಅಕ್ಕ ಅವನ ಬೆನ್ನಿಗೊಂದು ಗುದ್ದಿದಳು.

ಶನಿವಾರ ಬೆಳಗ್ಗೆ ಅವನು ಚಹಾದ ಹೊತ್ತಿಗೆ ಕೇಳುವುದೆಂದು ನಿಶ್ಚಯ ಮಾಡಿಕೊಂಡು ಬಂದ. ಹಲಗೆಯ ಎರಡೂ ಕಡೆ ಕುರ್ಚಿಗಳು ತುಂಬಿದವು. ಆಡುಗಳು, ಹಿಂದಿನ ದಿನದ ಬಿಸ್ಕತ್ತಿನ ನೆನಪಿಗೋ ಏನೋ, ಖಾಲಿ ಬೆಂಚಿನ ಎದುರು ಗುಂಪಾಗಿ ನಿಂತಿದ್ದವು. 'ನೆನಪಿಗೋ ಏನೋ' ಎಂಬುದೂ ನಮ್ಮದೇ. ಹಾಳೆಯಲ್ಲಿ 'ಬೆಂಚಿನ ಕಡೆ ಮುಖ' ಎಂದಷ್ಟೇ ಇತ್ತು. ಬೀಪ್ ಎಂದಿತು, ಬರೆದರು. ಮತ್ತೆ ಬೀಪ್ ಎಂದಿತು, ಬರೆದರು. ಪೆಪ್ಪರ್‌ಮಿಂಟು ಬರಲಿಲ್ಲ.

ಆಮೇಲೆ, ಚಹಾಕ್ಕೆ ಇನ್ನೂ ತುಂಬ ಹೊತ್ತಿರುವಾಗಲೇ, ಹಲಗೆಯ ಕೆಳಗಿನ ಸಂದಿಯಲ್ಲಿ ಕಂದು ಬೂಟುಗಳು ತಿರುಗಿದವು. ಒಂದು ಬೂಟಿನ ಮೂತಿ ಬಾಗಿಲ ಕಡೆ, ಆಮೇಲೆ ಇನ್ನೊಂದರದು. ಕಾಗದ ಮಡಿಸಿದ ಸದ್ದು. ಅವರು ಹಕ್ಕಿ ಕೇಂದ್ರಕ್ಕೆ ಕಳಿಸುವ ಉತ್ತರವನ್ನು ಕೊಡಲು ಮೇಡಂ ಕೋಣೆಗೆ ಹೊರಟಿದ್ದರು.

ಇತಿಹಾಸ ಬರೆಯುವವರು ಯಾರಾದರೂ ಇದ್ದರೆ ಇಲ್ಲಿ ಸ್ವಲ್ಪ ದೊಡ್ಡ ಅಕ್ಷರ ಬಳಸಬೇಕು. ಆ ಕೋಣೆ ಕಟ್ಟಿದಂದಿನಿಂದ ನೋಟದ ಹೊತ್ತಿನಲ್ಲಿ ಹಲಗೆಯನ್ನು ದಾಟಿದ ಮೊದಲ ಮಾತು ಅದು.

"ಎಡಗಡೆಯವರೇ."

ಬೂಟುಗಳು ನಿಂತವು. "ಮಾತಾಡಬಾರದು" ಎಂದಿತು ಆ ಕಡೆಯ ದನಿ, ಪಿಸುಮಾತಿನಲ್ಲಿ.

"ಗೊತ್ತು. ನೀವು ಹೋಗೋದು ನಂಗೆ ಇಷ್ಟ ಇಲ್ಲ."

ಬೀಪ್ ಎಂದಿತು. ಯಾರೂ ಬರೆಯಲಿಲ್ಲ.

"ಇದನ್ನ ಎಲ್ಲಿ ಕಂಡ್ರಿ?"

"ಎಲ್ಲೂ ಕಾಣಲ್ಲ. ಒಳಗಿದೆ. ತುಂಬ ದಿನದಿಂದ ಇದೆ ಅನ್ಸುತ್ತೆ, ನಾನು ನೋಡಿರ್ಲಿಲ್ಲ."

ಹಲಗೆಯ ಆಚೆ ಕುರ್ಚಿಯ ಮೇಲೆ ಯಾರೋ ಮತ್ತೆ ಕೂತ ಸದ್ದು. ಎಡಗಡೆಯವರ ದನಿ ಈಗ ಪಿಸುಮಾತಾಗಿರಲಿಲ್ಲ. "ಅಲ್ಲಿ ಇಬ್ಬರು ಬೇಕಂತೆ ರೀ. ನೋಡೋದು ಹಕ್ಕಿಯಾದ್ರೂ ಒಬ್ರ ಕಣ್ಣನ್ನ ನಂಬೋ ಹಾಗಿಲ್ವಲ್ಲ. ಜೊತೆಗೆ ಯಾರನ್ನ ಕರ್ಕೊಂಡು ಬರ್ತೀರಿ ಅಂತ ಕೇಳಿದ್ದಾರೆ. ಯಾರೂ ಇಲ್ಲ, ನೀವೇ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಬರ್ದಿದ್ದೀನಿ."

"ನನ್ನ ಯಾಕೆ ಕೇಳ್ಲಿಲ್ಲ?"

"ಏನಂತ ಕೇಳ್ಲಿ? ವರ್ಷಗಟ್ಟಲೆ ಪೆಪ್ಪರ್‌ಮಿಂಟು ಕೊಟ್ಟೆ. ನೀವು ಪೆನ್ಸಿಲ್ ಕಳಿಸಿದ್ರಿ. ಪೆನ್ಸಿಲ್‌ನಿಂದ ಏನು ತೀರ್ಮಾನ ಮಾಡ್ಬೇಕಿತ್ತು ನಾನು? ನಿನ್ನೆ ಚಿಕ್ಕಮ್ಮನ್ನ ಕಳಿಸಿದ್ರೆ, ಅವಳು ಹೋಗಿ ಯಾರೋ ಬಿಸ್ಕತ್ತಿನವರ ಜೊತೆ ಹರಟೆ ಹೊಡ್ಕೊಂಡು ಎಲ್ಲಾ ಕೆಡಿಸ್ಕೊಂಡು ಬಂದ್ಲು."

"ಅವರು ನಮ್ಮ ಭಾವ."

"ಹಾಗಾ!" ಎಂದರು ಎಡಗಡೆಯವರು. ಆಮೇಲೆ ಮೂಗು ಒರೆಸಿಕೊಂಡ ಸದ್ದೋ ನಕ್ಕ ಸದ್ದೋ ಒಂದು. ಕಂಡಷ್ಟಪ್ಪ ಈ ಬಾರಿ ಬರಿ ಸದ್ದಿಗೆ ಬಿಡಲಿಲ್ಲ, ಎದ್ದು ಹಲಗೆಯನ್ನು ಬಳಸಿ ಹೋಗಿ ನೋಡಿದ. ಎರಡೂ ಆಗಿತ್ತು.

"ಮದುವೆ ಆಗ್ತೀರಾ?" ಎಂದ.

"ಹೂಂ" ಎಂದರು ಅವರು. "ಈಗ ನಿಮ್ಮ ಜಾಗಕ್ಕೆ ಹೋಗಿ. ಇನ್ನೊಂದು ಬೀಪ್ ಬರುತ್ತೆ."

ಅವರು ಕಾಗದ ಹರಿದು ಬೇರೆಯದು ಬರೆದರು. ತಿಂಗಳ ಕೊನೆಗೆ ಮೇಡಂ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಶನಿವಾರದ ಸಾಲಿನಲ್ಲಿ ಒಂದೇ ಒಂದು ಚೌಕ ಖಾಲಿಯಿತ್ತು, ಇಬ್ಬರದರಲ್ಲೂ, ಅದೇ ಚೌಕ. ಹೊಂದಾಣಿಕೆಗೆ ಯಾವ ಕುಂದೂ ಬಂದಿರಲಿಲ್ಲ. ಮೇಡಂ ಕನ್ನಡಕ ಕೆಳಗಿಳಿಸಿ, ಎರಡೂ ಹಾಳೆಗಳಿಗೆ ಸಹಿ ಹಾಕಿ, ಆಡು ನೋಡಲು ಇಬ್ಬರು ಹೊಸಬರು ಬೇಕೆಂದು ಜಾಹೀರಾತು ಕೊಟ್ಟರು.

ಕೇಂದ್ರದ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಬೀದಿಯಲ್ಲಿ ಮುಗಿಯಲಿಲ್ಲ, ಅಲ್ಲಿ ಭಾವ ಇದ್ದರಲ್ಲ. ಭಾನುವಾರ ಬೆಳಗ್ಗೆ ದರ್ಜಿಗೆ ಹೇಳುವಾಗ ಕಂಡಷ್ಟಪ್ಪ ಹಲಗೆಯನ್ನು ಬಳಸಿ ಹೋಗಿದ್ದ. ಮಧ್ಯಾಹ್ನ ಹಾಲಿನವನಿಗೆ ಹೇಳುವಾಗ ಹಲಗೆಯನ್ನು ಹಾರಿದ. ಸಂಜೆ ಬಸ್ ನಿಲ್ದಾಣದಲ್ಲಿ ಹಳೆಯ ಡ್ರೈವರುಗಳ ಮುಂದೆ ಅದೇ ಹಲಗೆಯನ್ನು ಹೆಗಲಿನಿಂದ ಗುದ್ದಿ ಸೀಳಿದ. ಉಪ್ಪು ಖಾರ ಹಚ್ಚಿದಷ್ಟೂ ಭಾವನಿಗೆ ರುಚಿ ಸಾಲದು. ವಾರ ಕಳೆಯುವಷ್ಟರಲ್ಲಿ ಅವರ ಕಥೆಯಲ್ಲಿ ದೊಡ್ಡಿಯ ಬೇಲಿ ಮುರಿದಿತ್ತು, ಹಿಂಡಿಗೆ ಹಿಂಡೇ ಗಾಜಿನ ಕೋಣೆಯ ಮುಂದೆ ಬಂದು ಸಾಲಾಗಿ ನಿಂತಿತ್ತು, ಕಂಡಷ್ಟಪ್ಪ ಎಡಗಡೆಯವರ ಕೈ ಹಿಡಿದಿದ್ದ.

ಊರು ಬಿಡುವ ಹಿಂದಿನ ದಿನ ಕಂಡಷ್ಟಪ್ಪ ಕ್ಷೌರದ ಅಂಗಡಿಗೆ ಹೋದ. ಬೀದಿಯ ಅರ್ಧ ಜನ ಅಲ್ಲೇ ಇದ್ದರು. ಕ್ಷೌರ ಬೇಕಿದ್ದವರು ಒಬ್ಬಿಬ್ಬರು, ಉಳಿದವರು ಕಥಾನಾಯಕನನ್ನೇ ಕಣ್ಣಾರೆ ಕಾಣಲು ಬಂದವರು. ಕ್ಷೌರಿಕ ಅವನ ಕುತ್ತಿಗೆಗೆ ಬಟ್ಟೆ ಸುತ್ತಿ, ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿ, ಇನ್ನು ತಡೆಯಲಾರದೆ ಕೇಳಿಯೇಬಿಟ್ಟ.

"ಸಾರ್, ನಿಜ ಹೇಳ್ಬೇಕು. ನೀವು ಮದುವೆ ಆಗ್ತೀರಾ ಅಂತ ಕೇಳ್ದಾಗ, ಅವರು ಹೂಂ ಅಂದ್ರಂತೆ. ಆ ಹೂಂ ಕೇಳಿದ ತಕ್ಷಣ ಅಷ್ಟೂ ಆಡುಗಳು ನಿಮ್ಮಿಬ್ಬರ ಮುಂದೆ ಒಟ್ಟಿಗೆ ಮಂಡಿಯೂರಿಬಿಟ್ವಂತೆ. ಹೌದಾ ಸಾರ್?"

ಕಂಡಷ್ಟಪ್ಪ ಕನ್ನಡಿಯಲ್ಲಿ ಒಂದೊಂದೇ ಮುಖವನ್ನು ನೋಡಿದ.

"ಬಿಸಿಲು ಬಂದಿತ್ತು, ಮಲಗಿದ್ವು" ಎಂದ. "ಆಡು ಮಲಗೋವಾಗ ಮುಂಗಾಲೇ ಮೊದಲು ಮಡಿಸೋದು."